ಮಡಿವಾಳನೆಂಬ ಹೆಸರು

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ ಸಿರಿಗೇರಿ ಎಂಬ ಊರುಂಟು. ಒಂದು ಸಂಜೆ ಆ ಊರಿನ ಕಟ್ಟೆಯ ಮೇಲೆ ನಾವು ಕುಳಿತಿದ್ದಾಗ, ಇಬ್ಬರು ಹಿರಿಯರು ಒಂದೇ ಹೆಸರನ್ನು ಕುರಿತು ಎರಡು ಸಂಗತಿಗಳನ್ನು ನಮ್ಮ ಮುಂದಿಟ್ಟರು. ಮೊದಲನೆಯವರು ಒಕ್ಕಲುತನದ ಮನೆಯವರು. ಅವರ ಮೊಮ್ಮಗನಿಗೆ ನಾಮಕರಣವಾಗಬೇಕಾಗಿತ್ತು. ಮನೆಯ ಪದ್ಧತಿಯಂತೆ ಹಿರಿಯರ ಹೆಸರನ್ನೇ ಇಡಬೇಕು. ಆ ಹೆಸರು ಮಡಿವಾಳಪ್ಪ. ಹಿಂದೆ ಆ ಮನೆಗೆ ಧಾರವಾಡದ ಸೀಮೆಯಿಂದ ಸೊಸೆಯಾಗಿ ಬಂದ ಒಬ್ಬ ತಾಯಿಯು ಗರಗದ ಮಠಕ್ಕೆ ಹರಕೆ ಹೊತ್ತು ಪಡೆದ ಮಗನಿಗೆ ಇಟ್ಟ ಹೆಸರು ಅದು. ಈಗ ಕೂಸಿನ ತಂದೆ ಒಪ್ಪುತ್ತಿಲ್ಲ. ಪೇಟೆಯ ಶಾಲೆಯಲ್ಲಿ ಇದನ್ನು ಹೆಸರೆಂದು ಎಣಿಸುವುದಿಲ್ಲ, ಜಾತಿಯೆಂದು ಎಣಿಸುತ್ತಾರೆ ಎಂಬುದು ಆತನ ಅಂಜಿಕೆ. ಎರಡನೆಯವರು ಮಡಿವಾಳ ಮನೆತನದವರೇ. ಅವರ ಮೊಮ್ಮಗನು ತನ್ನ ಹೆಸರಿನ ಮೊದಲಿಗೆ ಬರುವ 'ಮಡಿವಾಳ' ಎಂಬ ಮಾತನ್ನು ತೆಗೆಸಿಹಾಕಲು ಅರ್ಜಿ ಬರೆದಿಟ್ಟಿದ್ದನು. ಆ ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದರು: "ನಮ್ಮ ಹೆಸರು ಗೌಡ್ರ ಮನಿಯಾಗ ದೇವರ ಹೆಸರಾಗೈತಿ, ನಮ್ಮ ಮನಿಯಾಗ ಜಾತಿ ಹೆಸರಾಗೈತಿ. ಹೆಂಗಾತ್ರಿ ಇದು?"

ಪ್ರಶ್ನೆಯು ಚಿಕ್ಕದಾದರೂ ಅದರ ಉತ್ತರವು ಎಂಟು ನೂರು ವರ್ಷಗಳಷ್ಟು ಉದ್ದವಾಗಿದೆ. ಅದನ್ನು ಇಂದು ಯಥಾಶಕ್ತಿ ಹೇಳಲು ಯತ್ನಿಸುತ್ತೇವೆ.

ನಮ್ಮ ವ್ಯಾಕರಣಗಳು ಹೆಸರುಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸಿವೆ. ನದಿ, ಬೆಟ್ಟ, ಮರ ಎಂಬುವು ರೂಢಿಯಿಂದ ಬಂದ ಹೆಸರುಗಳು. ಬಸವ, ರಾಮ ಎಂದು ಒಬ್ಬೊಬ್ಬರನ್ನು ಗುರುತಿಸಲು ಇಡುವುವು ಅಂಕಿತನಾಮಗಳು. ಗುಣದಿಂದಲೋ ಕೆಲಸದಿಂದಲೋ ಅರ್ಥಕ್ಕೆ ತಕ್ಕಂತೆ ಬರುವುವು ಅನ್ವರ್ಥನಾಮಗಳು. ಮಡಕೆ ಮಾಡುವವನು ಕುಂಬಾರ, ಕಬ್ಬಿಣ ಕಾಯಿಸುವವನು ಕಮ್ಮಾರ, ದೋಣಿ ನಡೆಸುವವನು ಅಂಬಿಗ. ಈ ವರ್ಗದ್ದೇ ಮಡಿವಾಳ ಎಂಬ ಮಾತು. ಇದು ಅನ್ವರ್ಥನಾಮವಾಗಿ ಹುಟ್ಟಿ, ಮನೆತನದ ಹೆಸರಾಗಿ, ಕಡೆಗೆ ತೊಟ್ಟಿಲಲ್ಲಿರುವ ಕೂಸಿನ ಅಂಕಿತನಾಮವೂ ಆಯಿತು. ಇಷ್ಟು ದೂರ ನಡೆದ ಕಸುಬಿನ ಹೆಸರುಗಳು ಕನ್ನಡದಲ್ಲಿ ಅಪೂರ್ವ.

ಮಾತಿನ ಮೂಲವನ್ನು ನೋಡೋಣ. ಒಗೆದು ಶುಚಿ ಮಾಡಿದ ಬಟ್ಟೆಗೆ ಮಡಿಯೆಂದು ಹೆಸರು. ಆ ಬಟ್ಟೆಯನ್ನು ಉಟ್ಟವರ ಶುಚಿತ್ವಕ್ಕೂ ಮಡಿಯೆಂದೇ ಹೆಸರು. ಮಡಿಯುಡುವುದು, ಮಡಿಯಲ್ಲಿರುವುದು, ನಡೆಮಡಿ ಹಾಸುವುದು ಎಂಬ ಮಾತುಗಳನ್ನು ನಾವೆಲ್ಲರೂ ಬಲ್ಲೆವು. ಮದುವೆಯಲ್ಲಿಯೂ ಉತ್ಸವದಲ್ಲಿಯೂ ನಡೆಯುವವರ ಪಾದದಡಿಗೆ ಹಾಸುವ ಬಟ್ಟೆಯೇ ನಡೆಮಡಿ. ಅದನ್ನು ಹಾಸುವ ಹಕ್ಕು ಮಡಿವಾಳರದು. ಅದೇ ಕಸುಬಿನವರನ್ನು ಅಗಸರೆಂದೂ ಕರೆಯುತ್ತೇವೆ. ತೆಲುಗಿನಲ್ಲಿ ಚಾಕಲಿ, ಮರಾಠಿಯಲ್ಲಿ ಪರೀಟ, ಹಿಂದಿಯಲ್ಲಿ ಧೋಬಿ. ಆದರೆ ಮಡಿವಾಳನೆಂಬ ಮಾತಿನಲ್ಲಿ ಕೊಳೆಯ ನೆನಪಿಲ್ಲ, ಶುಚಿಯ ನೆನಪುಂಟು. ಬಟ್ಟೆಗಳನ್ನು ಚೌಳು ಮಣ್ಣಿನ ನೀರಿನಲ್ಲಿ ನೆನೆಹಾಕಿ, ಉಬ್ಬೆಗೆ ಹಾಕಿ ಬೇಯಿಸಿ, ಹೊಳೆಯ ಕಲ್ಲಿಗೆ ಬಡಿದು, ಬಿಸಿಲಿಗೆ ಹರವಿ, ಮಡಚಿ, ಯಾವ ಗುರುತು ಯಾವ ಮನೆಯದೆಂಬುದನ್ನು ತಪ್ಪದೆ ಮರಳಿ ಮನೆಮನೆಗೆ ಮುಟ್ಟಿಸುವ ದುಡಿಮೆಯೆಲ್ಲವೂ ಆ ನಾಲ್ಕು ಅಕ್ಷರಗಳಲ್ಲಿ ಅಡಗಿದೆ.

ಈ ದುಡಿಮೆಗೆ ಹಳ್ಳಿಯಲ್ಲಿ ಒಂದು ಸ್ಥಾನವಿತ್ತು. ವಿಜಯನಗರದ ಕಾಲದಿಂದ ನಡೆದುಬಂದ ಆಯಗಾರರ ಪದ್ಧತಿಯಲ್ಲಿ ಗ್ರಾಮದ ಕೆಲಸಗಳನ್ನು ಹನ್ನೆರಡು ಮಂದಿಗೆ ಹಂಚುತ್ತಿದ್ದರು. ಗೌಡ, ಶಾನುಭೋಗ, ತಳವಾರ, ಬಡಗಿ, ಕಮ್ಮಾರ, ಕುಂಬಾರ, ಮಡಿವಾಳ, ನಾವಿದ ಮುಂತಾದವರು ಆ ಪಟ್ಟಿಯಲ್ಲಿ ಬರುತ್ತಿದ್ದರು. ಊರಿನಿಂದೂರಿಗೆ ಪಟ್ಟಿಯು ಸ್ವಲ್ಪ ಬದಲಾಗುತ್ತಿದ್ದಿತು. ಸುಗ್ಗಿಯಲ್ಲಿ ರಾಶಿಯಾದ ಮೇಲೆ ಕಣದಲ್ಲಿಯೇ ಅವರವರಿಗೆ ಧಾನ್ಯದ ಪಾಲು ಸಲ್ಲುತ್ತಿದ್ದಿತು. ಆ ಪಾಲಿಗೆ ಆಯವೆಂದು ಹೆಸರು. ಇಲ್ಲಿ ಒಂದು ಅಂಶವನ್ನು ಮನಸ್ಸಿನಲ್ಲಿಡಬೇಕು. ಗೌಡನೂ ಮಡಿವಾಳನೂ ಒಂದೇ ಪಟ್ಟಿಯವರು, ಒಂದೇ ಕಣದಲ್ಲಿ ಪಾಲು ಪಡೆದವರು. ಗೌಡ ಎಂಬುದು ಕೂಡ ಕೆಲಸದ ಹೆಸರೇ. ಶಾಸನಗಳಲ್ಲಿ ಕಾಣುವ ಗಾವುಂಡ ಎಂಬ ಮಾತು ಸವೆದು ಗೌಡನಾಯಿತು. ಇಂದು ಆ ಎರಡು ಹೆಸರುಗಳ ನಡುವೆ ಇರುವ ಅಂತರವು ಹೆಸರುಗಳು ಹುಟ್ಟಿದಾಗಲೇ ಬಂದುದಲ್ಲ.

ಕಸುಬಿನ ಹೆಸರನ್ನು ಎಲ್ಲಿ ಇಡಬೇಕು ಎಂಬ ವಿಷಯದಲ್ಲಿ ಕನ್ನಡ ನಾಡಿನ ಸೀಮೆಗಳಿಗೆ ಒಂದೊಂದು ವಾಡಿಕೆಯುಂಟು. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆ ಅದು ಹೆಸರಿನ ಕೊನೆಗೆ ಬರುತ್ತದೆ: ಬಡಿಗೇರ, ಪತ್ತಾರ, ಹೂಗಾರ, ಕಂಬಾರ. ಹಳೆಯ ಮೈಸೂರಿನ ಕಡೆ ಊರಿನ ಹೆಸರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಸಾಕು. ಕಸುಬು ಅಲ್ಲಿ ಮರೆಯಾಗಿರುತ್ತದೆ. ಬಳ್ಳಾರಿಯ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಬೆಳೆದಿವೆ. ತೆಲುಗರಲ್ಲಿ ಮನೆತನದ ಹೆಸರು, ಅಂದರೆ ಇಂಟಿಪೇರು, ಮೊದಲು ಬರುವುದು ರೂಢಿ. ಅದರಂತೆ ಇಲ್ಲಿಯೂ ಕುಂಬಾರ, ಬಡಿಗೇರ, ಮಡಿವಾಳ ಎಂಬುವು ಹೆಸರಿನ ಮುಂಚೆಯೇ ಕೇಳಿಬರುವುದುಂಟು. ವಚನಕಾರರ ಹೆಸರುಗಳಲ್ಲಿಯೂ ಕಸುಬು ಮೊದಲು ಬರುವುದನ್ನು ನೋಡಿದರೆ, ಈ ವಾಡಿಕೆಯು ಕನ್ನಡಕ್ಕೂ ಹೊಸದಲ್ಲವೆಂದು ತಿಳಿಯುತ್ತದೆ.

ಅಲ್ಲಿಂದಲೇ ನಮ್ಮ ಕಥೆಯ ಮುಖ್ಯ ಭಾಗವು ಆರಂಭವಾಗುತ್ತದೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ನೆರೆದ ಶರಣರು ಕಾಯಕವೆಂಬ ಮಾತಿಗೆ ಹೊಸ ಗೌರವವನ್ನು ಕೊಟ್ಟರು. ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದರ ಕೇತಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಒಕ್ಕಲಿಗ ಮುದ್ದಣ್ಣ ಎಂದು ಅವರ ಕಸುಬನ್ನು ಹೆಸರಿನೊಡನೆಯೇ ನಾಡು ನೆನೆಯುತ್ತದೆ. ದೋಣಿಯನ್ನಾಗಲಿ ಬಿದಿರನ್ನಾಗಲಿ ಹಗ್ಗವನ್ನಾಗಲಿ ಬಿಟ್ಟು ಅವರನ್ನು ಕರೆಯುವುದು ಯಾರಿಗೂ ಬೇಕೆನಿಸಲಿಲ್ಲ. ಆ ಸಾಲಿನಲ್ಲಿ ನಿಂತವನು ಮಡಿವಾಳ ಮಾಚಯ್ಯ. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ ಅವನ ಊರು. ಕಲಿದೇವರದೇವ ಎಂಬುದು ಅವನ ವಚನಗಳ ಅಂಕಿತ. 300ಕ್ಕೂ ಹೆಚ್ಚು ವಚನಗಳು ದೊರೆತಿವೆ. ಶರಣರ ಬಟ್ಟೆಗಳನ್ನು ಮಾತ್ರ ಒಗೆಯುವುದು ಅವನ ವ್ರತವಾಗಿತ್ತೆಂದೂ, ಬಿಜ್ಜಳರಾಜನು ಹಗುರವಾಗಿ ಮಾತನಾಡಿದಾಗ ಅರಸನ ಬಲಕ್ಕೆ ಅವನು ಬಗ್ಗಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪುರಾಣದ ಅದ್ಭುತಗಳನ್ನು ಚರಿತ್ರೆಯೆಂದು ನಾವು ಹೇಳುವುದಿಲ್ಲ. ಆದರೆ ಬಟ್ಟೆಯ ಗಂಟನ್ನು ಹೊತ್ತವನ ಮುಂದೆ ಸಿಂಹಾಸನವು ಚಿಕ್ಕದಾಯಿತೆಂಬ ಕಥೆಯನ್ನು ಜನರು ಶತಮಾನಗಳ ಕಾಲ ಹೇಳಿಕೊಂಡು ಬಂದರೆಂಬುದು ಚರಿತ್ರೆಯೇ ಸರಿ.

ಈ ಹೆಸರಿನ ಶಕ್ತಿಗೆ ಒಂದು ಸಾಕ್ಷ್ಯವು ನೆರೆಯ ಭಾಷೆಯಿಂದ ದೊರೆಯುತ್ತದೆ. 13ನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ದ್ವಿಪದಿಯಲ್ಲಿ ಬಸವಪುರಾಣವನ್ನು ರಚಿಸಿದನು. ಅದರಲ್ಲಿ ಮಾಚಯ್ಯನ ಕಥೆಯುಂಟು. ತೆಲುಗಿನಲ್ಲಿ ಚಾಕಲಿಯೆಂಬ ಮಾತು ಇದ್ದರೂ, ಅಲ್ಲಿ ನಮ್ಮ ಶರಣನು 'ಮಡಿವಾಲು ಮಾಚಯ್ಯ'ನಾಗಿಯೇ ಉಳಿದಿದ್ದಾನೆ. ಕಸುಬಿನ ಮಾತನ್ನು ಅನುವಾದಿಸಬಹುದು, ಅಂಕಿತನಾಮವನ್ನು ಅನುವಾದಿಸುವುದಿಲ್ಲ. ಆ ಕಾಲಕ್ಕಾಗಲೇ ಮಡಿವಾಳ ಎಂಬುದು ಅರ್ಧ ಅಂಕಿತನಾಮವಾಗಿದ್ದಿತೆಂದು ಇದರಿಂದ ನಮಗೆ ತೋರುತ್ತದೆ. ಳಕಾರವು ಲಕಾರವಾದುದನ್ನೂ ಗಮನಿಸಬೇಕು. ಈ ಹೆಸರಿನ ಅಕ್ಷರ ಬದಲಾವಣೆಯು ಇಂಗ್ಲಿಷಿನಿಂದ ಮೊದಲಾದುದಲ್ಲ. 1369ರಲ್ಲಿ ಭೀಮಕವಿಯು ಬಸವಪುರಾಣವನ್ನು ಕನ್ನಡಕ್ಕೆ ತಂದಾಗ ಮಾಚಯ್ಯನು ಮತ್ತೆ ತನ್ನ ಮನೆಗೆ ಬಂದನು.

ಇಲ್ಲಿ ಒಂದು ಸಂದೇಹವು ಏಳುತ್ತದೆ. ಕುಂಬಾರ ಗುಂಡಯ್ಯನೂ ಪ್ರಸಿದ್ಧನಾದ ಭಕ್ತನೇ. ಹಂಪೆಯ ಹರಿಹರನು ಅವನ ಮೇಲೆ ರಗಳೆಯನ್ನೇ ಬರೆದಿದ್ದಾನೆ. ನಮ್ಮ ನಾಡಿನಲ್ಲಿ ಗುಂಡಯ್ಯ, ಗುಂಡಪ್ಪ ಎಂಬ ಹೆಸರುಗಳು ಬೇಕಾದಷ್ಟಿವೆ. ಚೌಡಯ್ಯ, ಚೌಡಪ್ಪ ಎಂಬುವೂ ಉಂಟು. ಆದರೆ ಕುಂಬಾರಪ್ಪ, ಅಂಬಿಗಪ್ಪ ಎಂದು ಕೂಸಿಗೆ ಹೆಸರಿಡುವ ವಾಡಿಕೆಯಿಲ್ಲ. ಮಡಿವಾಳನೊಬ್ಬನಿಗೇ ಏಕೆ ಈ ಭಾಗ್ಯ? ನಮಗೆ ಮೂರು ಕಾರಣಗಳು ತೋರುತ್ತವೆ. ಮೊದಲನೆಯದು ವ್ಯಾಕರಣದ್ದು. ಅಂಬಿಗರ, ಹಡಪದ, ಮೇದರ, ನುಲಿಯ ಎಂಬುವು ಷಷ್ಠೀ ವಿಭಕ್ತಿಯ ರೂಪಗಳು; ಮುಂದೆ ಇನ್ನೊಂದು ಹೆಸರಿಲ್ಲದೆ ಅವು ನಿಲ್ಲಲಾರವು. ಮಡಿವಾಳ ಎಂಬುದು ತಾನೇ ನಿಂತಿದೆ. ಅದಕ್ಕೆ ಅಪ್ಪ, ಅಯ್ಯ, ಅಮ್ಮ ಎಂಬುವನ್ನು ಸೇರಿಸಿದರೆ ಹೆಸರು ಸಿದ್ಧ. ಆದರೆ ಒಕ್ಕಲಿಗ, ತುರುಗಾಹಿ ಎಂಬುವೂ ಹಾಗೆಯೇ ನಿಂತಿವೆಯಾದ್ದರಿಂದ ವ್ಯಾಕರಣವೊಂದೇ ಸಾಲದು. ಎರಡನೆಯ ಕಾರಣವು ಅರ್ಥದ್ದು. ಮಡಿಯೆಂಬ ಮಾತಿನ ಪಾವಿತ್ರ್ಯವು ಹೆಸರಿಗೆ ಅಂಟಿಕೊಂಡಿತು. ಬಟ್ಟೆಯ ಕೊಳೆಯನ್ನು ತೊಳೆಯುವವನು ಮನಸ್ಸಿನ ಕೊಳೆಯನ್ನು ತೊಳೆಯುವ ಗುರುವಿಗೆ ಸಹಜವಾದ ಉಪಮೆಯಾದನು. ಮೂರನೆಯದು ಮಠಗಳ ಪ್ರಭಾವ. ಆ ಹೆಸರನ್ನು ಹೊತ್ತ ಗುರುಗಳು ಮುಂದಿನ ಶತಮಾನಗಳಲ್ಲಿ ಬಂದರು.

ಅವರಲ್ಲಿ ಇಬ್ಬರನ್ನು ಹೇಳಿದರೆ ಸಾಕು. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರು 18ನೆಯ ಶತಮಾನದ ಕೊನೆಯಿಂದ 19ನೆಯ ಶತಮಾನದ ನಡುವಿನವರೆಗೆ ಬಾಳಿದ ತತ್ತ್ವಪದಕಾರರು. ಅವರು ಹೆಸರಾದುದು ಬಟ್ಟೆಯ ಕಸುಬಿನಿಂದಲ್ಲ, ಏಕತಾರಿಯೊಡನೆ ಊರೂರುಗಳಲ್ಲಿ ಇಂದಿಗೂ ಹಾಡುವ ಪದಗಳಿಂದ. ಮುಸಲ್ಮಾನರಾದ ಚನ್ನೂರ ಜಲಾಲ ಸಾಹೇಬರು ಅವರ ಶಿಷ್ಯರಲ್ಲೊಬ್ಬರು. ಎರಡನೆಯವರು ಧಾರವಾಡದ ಸಮೀಪದ ಗರಗದ ಮಡಿವಾಳೇಶ್ವರರು. ಅವರ ಮಠಕ್ಕೆ ಹಲವು ಜಾತಿಯ ಒಕ್ಕಲುಗಳು ನಡೆದುಕೊಳ್ಳುತ್ತವೆ. ಗರಗವು ಮುಂದೆ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿಯನ್ನು ನೇಯುವುದಕ್ಕೂ ಪ್ರಸಿದ್ಧವಾಯಿತು. ಹೀಗೆ ಗುರುವಿನ ಮೇಲಣ ಭಕ್ತಿಯಿಂದ ಒಕ್ಕಲಿನ ಮನೆ, ವ್ಯಾಪಾರದ ಮನೆಗಳಲ್ಲಿ ಮಡಿವಾಳಪ್ಪ, ಮಡಿವಾಳಯ್ಯ, ಮಡಿವಾಳಮ್ಮ ಎಂಬ ಹೆಸರುಗಳು ಹರಡಿದುವು. ತುಂಗಭದ್ರೆಯ ದಡದ ಹುಲಿಗೆಮ್ಮನಿಗೆ ನಡೆದುಕೊಳ್ಳುವವರು ಮಗನಿಗೆ ಹುಲುಗಪ್ಪನೆಂದು ಹೆಸರಿಡುವಂತೆಯೇ ಇದೂ ಕೂಡ. ಸಿರಿಗೇರಿಯ ಆ ಒಕ್ಕಲು ಮನೆಗೆ ಹೆಸರು ಬಂದ ದಾರಿ ಇದೇ.

ಹಾಗಾದರೆ ಮಡಿವಾಳರ ಸ್ವಂತ ಮನೆಯಲ್ಲಿ ಅದೇ ಹೆಸರು ಭಾರವಾದುದು ಹೇಗೆ? ಮೇಲುಕೀಳಿನ ಭಾವನೆಯು ಹಳೆಯದು. ಅದನ್ನು ಯಾವುದೋ ಒಂದು ಸರ್ಕಾರದ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳಲಾಗದು. ಆದರೆ ಅದನ್ನು ಕಾಗದದ ಮೇಲೆ ಗಟ್ಟಿಯಾಗಿ ಬರೆದುದು ಈಚಿನ ಕಾಲ. 1800ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ 1807ರವರೆಗೆ ಈ ದತ್ತ ಮಂಡಲದ ಮುಖ್ಯ ಕಲೆಕ್ಟರನಾಗಿದ್ದು ರಯತವಾರಿ ಕ್ರಮವನ್ನು ಬೆಳೆಸಿದನು. ಒಬ್ಬೊಬ್ಬ ರೈತನ ಹೆಸರೂ ಲೆಕ್ಕಕ್ಕೆ ಬಂದಿತು. 1871ರಿಂದ ಖಾನೇಷುಮಾರಿಯು ಜಾತಿಯನ್ನು ಬರೆದುಕೊಳ್ಳತೊಡಗಿತು. 1909ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ನನು ದಕ್ಷಿಣ ಭಾರತದ ಜಾತಿಗಳನ್ನು ಕುರಿತು 7 ಸಂಪುಟಗಳನ್ನು ಪ್ರಕಟಿಸಿದನು; ಅಲ್ಲಿ ಕಸುಬುಗಳೆಲ್ಲ ಅಕಾರಾದಿಯಾಗಿ ಜಾತಿಗಳಾಗಿ ನಿಂತುವು. ಕಲ್ಯಾಣದಲ್ಲಿ ಒಬ್ಬನು ಮಾಡುವ ಕೆಲಸವನ್ನು ಹೇಳುತ್ತಿದ್ದ ಮಾತು, ದಫ್ತರದಲ್ಲಿ ಅವನ ಮಕ್ಕಳು ಯಾವ ಕೆಲಸ ಮಾಡಿದರೂ ಬಿಡದ ಮಾತಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದಿತು; ದಫ್ತರಗಳ ಯಜಮಾನರು ಬದಲಾದರು, ಕಲಮುಗಳು ಬದಲಾಗಲಿಲ್ಲ. ಇಷ್ಟರಲ್ಲಿ ಆ ಹನ್ನೆರಡು ಆಯಗಾರರ ಪಟ್ಟಿಯು ಎರಡಾಗಿ ಸೀಳಿತ್ತು. ಅಧಿಕಾರದ ಕೆಲಸವಾದ ಗೌಡಿಕೆಯ ಹೆಸರನ್ನು ಬಸನಗೌಡ ಮುಂತಾಗಿ ಸಂತೋಷದಿಂದ ಸೇರಿಸಿಕೊಂಡರು. ಕೈದುಡಿಮೆಯ ಹೆಸರನ್ನು ಅಳಿಸಬೇಕಾಯಿತು. ಹೆಸರಿನ ದೋಷ ಇದರಲ್ಲಿ ಏನೂ ಇಲ್ಲ. ಕರೆಯುವವರ ದನಿಯ ದೋಷವಿದೆ.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಬಟ್ಟೆ ಹೊಲಿಯುವವನನ್ನು ನಮ್ಮ ಪೇಟೆಗಳಲ್ಲಿ ಟೈಲರ್ ಎನ್ನುತ್ತೇವೆ. ಕತ್ತರಿಸುವವನು ಎಂಬ ಅರ್ಥದ ಫ್ರೆಂಚ್ ಮಾತು ಇಂಗ್ಲೆಂಡಿಗೆ ಹೋಗಿ ಕಸುಬಿನ ಹೆಸರಾಯಿತು. ಮಧ್ಯಯುಗದಲ್ಲಿ ಕುಲನಾಮಗಳು ನೆಲೆನಿಂತಾಗ ಅದು ಟೇಲರ್ ಎಂಬ ಕುಲನಾಮವೂ ಆಯಿತು. ಕಾಲಕ್ರಮದಲ್ಲಿ ಕಸುಬಿಗೆ 'ಐ' ಅಕ್ಷರವೂ ಕುಲಕ್ಕೆ 'ವೈ' ಅಕ್ಷರವೂ ನಿಂತುಕೊಂಡವು. ಕಮ್ಮಾರನೆಂಬ ಅರ್ಥದ ಸ್ಮಿತ್ ಎಂಬುದನ್ನು ಸ್ಮೈತ್ ಎಂದು ಬರೆದು ನುಡಿದ ಮನೆತನಗಳೂ ಉಂಟು; ಅಲ್ಲಿಯೂ 'ವೈ' ಅಕ್ಷರವೇ ಉಪಕರಿಸಿತು. ಈಚೆಗೆ, ಅದರಲ್ಲಿಯೂ 20ನೆಯ ಶತಮಾನದ ಕೊನೆಯಲ್ಲಿ, ಅಮೆರಿಕದಲ್ಲಿ ಟೇಲರ್ ಎಂಬುದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇಡುವ ಮೊದಲ ಹೆಸರಾಗಿ ಹರಡಿತು. ಆ ಹೆಸರಿನ ಕೂಸನ್ನು ಎತ್ತಿಕೊಂಡವರಿಗೆ ಕತ್ತರಿ ಸೂಜಿಗಳ ನೆನಪಾಗುವುದಿಲ್ಲ. ಇಲ್ಲಿಯೇ ನಮಗೂ ಅವರಿಗೂ ಇರುವ ವ್ಯತ್ಯಾಸ. ಅಲ್ಲಿ ಕಸುಬು ಮರೆತುಹೋದ ಮೇಲೆ ಕಸುಬಿನ ಹೆಸರು ಕೂಸಿನ ಹೆಸರಾಯಿತು. ಇಲ್ಲಿ ಕಸುಬನ್ನು ನೆನೆದು, ಅದನ್ನು ಪೂಜ್ಯವೆಂದು ಎಣಿಸಿ ಕೂಸಿಗೆ ಹೆಸರಿಟ್ಟರು. ಅಲ್ಲಿಯ ಹೆಸರು ಮರೆವಿನ ಫಲ, ಇಲ್ಲಿಯದು ನೆನಪಿನ ಫಲ.

ಈಗ ನಮ್ಮಲ್ಲಿಯೂ ಅಕ್ಷರಗಳು ಬದಲಾಗುತ್ತಿವೆ. ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ವಕಾರಕ್ಕೆ 'ವಿ' ಅಕ್ಷರವನ್ನೂ ಕೆಲವರು 'ಡಬ್ಲ್ಯೂ' ಅಕ್ಷರವನ್ನೂ ಹಾಕುತ್ತಾರೆ. ಕೊನೆಯ ಅಕಾರವನ್ನು ಬಿಟ್ಟು ಮಡಿವಾಳ್ ಎಂದು ನಿಲ್ಲಿಸುವವರುಂಟು. ಇಂಗ್ಲಿಷಿಗೆ ಳಕಾರವಿಲ್ಲದುದರಿಂದ ಅಲ್ಲಿಂದ ಮರಳಿ ಕನ್ನಡಕ್ಕೆ ಬಂದಾಗ ಅದು ಮಡಿವಾಲ್ ಆಗುವುದೂ ಉಂಟು. ಹೊಸ ತಲೆಮಾರಿನವರಿಗೆ ಅಪ್ಪ ಎಂಬ ಕೊನೆಯು ಹಳತೆಂದು ತೋರಿ, ಮಡಿವಾಳೇಶ ಎಂದು ಸಂಸ್ಕೃತದ ಕೊನೆಯನ್ನು ಸೇರಿಸುತ್ತಾರೆ. ಮಾಚಯ್ಯನೂ ಮಾಚಿದೇವನಾಗಿದ್ದಾನೆ, ಕರ್ನಾಟಕ ಸರ್ಕಾರವು ಪ್ರತಿವರ್ಷ ಫೆಬ್ರವರಿ 1ರಂದು ಆಚರಿಸುವ ಜಯಂತಿಯು ಮಡಿವಾಳ ಮಾಚಿದೇವನ ಹೆಸರಿನಲ್ಲಿಯೇ ನಡೆಯುತ್ತದೆ. ಇದರಲ್ಲಿ ನಾವು ಬೇಸರಪಡಬೇಕಾದುದೇನೂ ಇಲ್ಲ. ನಮ್ಮ ಜಿಲ್ಲೆಯ ಪಟ್ಟಣವೇ ಇಂಗ್ಲಿಷಿನಲ್ಲಿ ಬೆಲ್ಲಾರಿಯಾಗಿದ್ದು 2014ರ ನವೆಂಬರ್ 1ರಂದು ಬಳ್ಳಾರಿಯಾಯಿತು. ಊರು ತನ್ನ ಅಕ್ಷರಗಳನ್ನು ತಿದ್ದಿಕೊಳ್ಳಬಹುದಾದರೆ ಮನುಷ್ಯನೂ ತಿದ್ದಿಕೊಳ್ಳಬಹುದು. ಆದರೆ ತಿದ್ದುವುದಕ್ಕೂ ಅಡಗಿಸುವುದಕ್ಕೂ ಭೇದವುಂಟು. ಊರು ಅಕ್ಷರವನ್ನು ತಿದ್ದಿದುದು ತನ್ನ ದನಿಗೆ ಹತ್ತಿರವಾಗಲು. ಮನುಷ್ಯನು ಅಕ್ಷರವನ್ನು ತಿದ್ದುವುದು ತನ್ನ ಅಜ್ಜನಿಂದ ದೂರವಾಗಲು ಆಗಿದ್ದರೆ, ಆ ನೋವಿಗೆ ಕಾರಣರಾದವರು ಅವನ ಸುತ್ತಲಿನ ನಾವೇ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಸಂಸ್ಕೃತದ ಕರ್ಮಕಾರನು ಪ್ರಾಕೃತದ ಕಮ್ಮಾರನಾಗಿ, ನಮ್ಮ ಬಡಗಣ ಸೀಮೆಯಲ್ಲಿ ಕಂಬಾರನಾದನು. ಆ ಕಸುಬಿನ ಹೆಸರನ್ನು ಹಾಗೆಯೇ ಉಳಿಸಿಕೊಂಡ ಚಂದ್ರಶೇಖರ ಕಂಬಾರರಿಗೆ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಬಂದಿತು. ಇಂದು ಆ ಹೆಸರನ್ನು ಕೇಳಿದವರಿಗೆ ಕುಲುಮೆಯೂ ನೆನಪಾಗಬಹುದು, ಕಾವ್ಯವೂ ನೆನಪಾಗಬಹುದು; ಒಂದು ಇನ್ನೊಂದನ್ನು ಕುಗ್ಗಿಸುವುದಿಲ್ಲ. ಬಳ್ಳಾರಿಯಲ್ಲಿ ಈಗ ಜೀನ್ಸ್ ಬಟ್ಟೆಗಳ ಉದ್ಯಮವು ದೊಡ್ಡದು. ಹೊಲಿದ ಬಟ್ಟೆಯನ್ನು ಒಗೆದು ಬಣ್ಣ ತಿದ್ದುವ ಘಟಕಗಳು ಅದರ ಒಂದು ಮುಖ್ಯ ಅಂಗ. ಅದನ್ನು ನಡೆಸುವವರನ್ನು ಉದ್ಯಮಿಗಳೆಂದು ಗೌರವಿಸುತ್ತೇವೆ. ನೀರು ಅದೇ, ಬಟ್ಟೆ ಅದೇ, ಒಗೆತವೂ ಅದೇ. ಹೆಸರು ಬೇರೆಯಾದುದರಿಂದ ಮರ್ಯಾದೆಯು ಬೇರೆಯಾಯಿತು.

ಸಿರಿಗೇರಿಯ ಕಟ್ಟೆಯ ಮೇಲೆ ನಾವು ಇಷ್ಟನ್ನೆಲ್ಲ ಹೇಳಲಿಲ್ಲ. ಒಕ್ಕಲಿನ ಹಿರಿಯರಿಗೆ ಇಷ್ಟೇ ಹೇಳಿದೆವು: ಹೆಸರನ್ನು ಇಡಿರಿ, ಯಾರಾದರೂ ಜಾತಿಯ ಹೆಸರೇ ಎಂದು ಕೇಳಿದರೆ, ಹೌದು, ದುಡಿಮೆಯ ಹೆಸರು, ನಮ್ಮ ಮನೆಯವರು ಅದನ್ನು ಹರಕೆಯಿಂದ ಬೇಡಿ ತಂದರು ಎಂದು ಹೇಳಲು ಕೂಸಿಗೆ ಕಲಿಸಿರಿ. ಮಡಿವಾಳ ಮನೆತನದ ವೃದ್ಧರಿಗೆ ಉಪದೇಶ ಮಾಡುವ ಅಧಿಕಾರವು ನಮಗಿರಲಿಲ್ಲ. ಅವರ ಮೊಮ್ಮಗನು ಅರ್ಜಿಯನ್ನು ಕಳುಹಿಸಿದರೆ ಅದು ಅವನ ಹಕ್ಕು. ಅದನ್ನು ಹರಿದರೆ ಅದು ಅವನ ಧೈರ್ಯ. ಎರಡರಲ್ಲಿ ಯಾವುದಾದರೂ ಅವನನ್ನು ಚಿಕ್ಕವನನ್ನಾಗಿ ಮಾಡದು. ಆದರೆ ಮಾಚಯ್ಯನ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕೆಂದು ಬೇಡಿದೆವು. ಅವರು ಹೇಳಿದರು. ಒಕ್ಕಲಿನ ಹಿರಿಯರು ತಮ್ಮ ಮನೆಯ ಹೆಸರಿನ ಕಥೆಯನ್ನು ಅಂದು ಮೊದಲ ಬಾರಿಗೆ, ಆ ಹೆಸರಿನ ಮನೆಯವರಿಂದಲೇ ಕೇಳಿದರು. ಕಥೆ ಮುಗಿದಾಗ ಕತ್ತಲೆಯಾಗಿತ್ತು. ಏಳುವಾಗ ಅವರು ವೃದ್ಧರ ಕೈಹಿಡಿದು, "ಹೆಸರಿಡೋ ದಿನ ತೊಟ್ಟಿಲ ಮುಂದ ನೀವs ಇರಬೇಕ್ರಿ, ಕೂಸಿನ ಕಿವಿಯಾಗ ನೀವs ಹೇಳಬೇಕು" ಎಂದರು. ವೃದ್ಧರು ಏನನ್ನೂ ಹೇಳದೆ ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, ಬರುತ್ತೇನೆಂದು ತಲೆಯಾಡಿಸಿದರು.